ಸಕ್ಕರೆ ಕಾಯಿಲೆಯವರು ಆಸ್ಪತ್ರೆ ಸೇರಿದಾಗ



ಸಕ್ಕರೆ ಕಾಯಿಲೆಯ ಹೆಸರು ಕೇಳದವರು ಈಗ ಯಾರೂ ಇಲ್ಲ. ಕೆಲವರು ಇದನ್ನು ಸಿಹಿಮೂತ್ರ ಅನ್ನುತ್ತಾರೆ. ಕೆಲವರು 'ಶುಗರ್ ಬಂದೈತೆ' ಅನ್ನುತ್ತಾರೆ. ಪುಸ್ತಕದಲ್ಲಿ ಮಧುಮೇಹ ಎಂದು ಬರೆಯುತ್ತಾರೆ. ಎಲ್ಲವೂ ಒಂದೇ. ಇದು ಪೇಟೆಯವರ ಕಾಯಿಲೆ, ಕೂತು ಉಣ್ಣುವವರ ಕಾಯಿಲೆ ಎಂದು ಹಿಂದೆ ಹೇಳುತ್ತಿದ್ದರು. ಈಗ ಹಾಗಿಲ್ಲ. ಕೂಲಿ ಮಾಡುವವರಿಗೂ ಬರುತ್ತಿದೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ.

ಏನು ತಿನ್ನಬೇಕು, ಏನು ಬಿಡಬೇಕು ಎಂದು ನಿಮಗೆ ಬಹಳ ಜನ ಹೇಳಿದ್ದಾರೆ. ಇವತ್ತು ನಾನು ಬೇರೆ ಮಾತು ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರು ಆಸ್ಪತ್ರೆಗೆ ಸೇರಿದರೆ ಅವರನ್ನು ಹೇಗೆ ನೋಡಿಕೊಳ್ಳಬೇಕು? ಆಸ್ಪತ್ರೆಯವರು ಏನು ಮಾಡಬೇಕು? ಜೊತೆಗೆ ಹೋದ ನಾವು ಏನು ಮಾಡಬೇಕು?

ಒಬ್ಬ ಅಕ್ಕನ ಕಥೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಹೋದ ವರ್ಷ ಓದು ಬರಹ ಕಲಿತರು. ಅವರ ಅತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಹೊಲದಲ್ಲಿ ಅತ್ತೆಯ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ನೋವೇ ಇರಲಿಲ್ಲ! ನಾಲ್ಕು ದಿನ ಕಳೆದ ಮೇಲೆ ಹೆಬ್ಬೆರಳು ಊದಿತು. ಕೀವು ಬಂತು. ಜ್ವರ ಬಂತು. ಆಗ ತಾಲ್ಲೂಕು ಕೇಂದ್ರದ ಒಂದು ಆಸ್ಪತ್ರೆಗೆ ಸೇರಿಸಿದರು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ 340 ಇತ್ತು. 'ಗಾಯ ಮಾಯುವವರೆಗೆ ಮಾತ್ರೆ ಸಾಲದು, ಇನ್ಸುಲಿನ್ ಸೂಜಿ ಬೇಕು' ಅಂದರು. ಅದು ಸರಿಯಾದ ಮಾತೇ.

ಎರಡನೆಯ ದಿನ ಬೆಳಿಗ್ಗೆ ಏಳೂವರೆಗೆ ನರ್ಸಮ್ಮ ಬಂದು ಇನ್ಸುಲಿನ್ ಕೊಟ್ಟು ಹೋದರು. ಸೊಸೆ ಊರಿಂದ ತಿಂಡಿ ತರಬೇಕಿತ್ತು. ಬಸ್ಸು ತಡವಾಯಿತು. ಬರುವಾಗ ಒಂಬತ್ತೂವರೆ. ನೋಡಿದರೆ ಅತ್ತೆ ಮೈಯೆಲ್ಲ ಬೆವರಿತ್ತು. ಸೀರೆ ಒದ್ದೆ. ಕೈ ನಡುಗುತ್ತಿತ್ತು. ಏನೇನೋ ಬಡಬಡಿಸುತ್ತಿದ್ದರು.

'ಅತ್ತೆ, ಯಾಕೆ ಹಿಂಗಾಡ್ತೀರಿ? ನಾನು ಯಾರು ಹೇಳಿ?'

ಅತ್ತೆ ಸೊಸೆಯ ಮುಖ ನೋಡಿದರು. ಗುರುತು ಹತ್ತಲಿಲ್ಲ.

ಪಕ್ಕದ ಹಾಸಿಗೆಯವರು 'ಗಾಳಿ ಸೋಕಿರಬೇಕು ಕಣಮ್ಮ, ನಿಂಬೆಹಣ್ಣು ನೀವಳಿಸು' ಅಂದರು. ಸೊಸೆ ಓಡಿ ಹೋಗಿ ನರ್ಸಮ್ಮನನ್ನು ಕರೆತಂದರು. ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ 48! ನುಂಗಲು ಶಕ್ತಿ ಇತ್ತು. ಕೂಡಲೇ ಸಕ್ಕರೆ ನೀರು ಕುಡಿಸಿದರು. ಕಾಲು ಗಂಟೆಯ ಮೇಲೆ ಮತ್ತೆ ನೋಡಿದಾಗ 82. ಅತ್ತೆ ಕಣ್ಣು ಬಿಟ್ಟು 'ಬಂದ್ಯಾ ಮಗಾ, ತಿಂಡಿ ತಂದ್ಯಾ?' ಅಂದರು.

ಅದು ಗಾಳಿಯಲ್ಲ, ದೆವ್ವವಲ್ಲ. ಸೂಜಿ ಹೊತ್ತಿಗೆ ಸರಿಯಾಗಿ ಬಂತು. ಊಟ ಬರಲಿಲ್ಲ. ಅಷ್ಟೇ. 'ಸೂಜಿ ಕೊಟ್ಟ ಅರ್ಧ ಗಂಟೆಗೆ ತಿಂಡಿ ತಿನ್ನಿಸಬೇಕು' ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ತಿಂಡಿ ತಯಾರಿದೆಯಾ ಎಂದು ನರ್ಸಮ್ಮನೂ ಕೇಳಿರಲಿಲ್ಲ. ಒಂದು ಮಾತು ಆಡದೆ ಹೋದದ್ದಕ್ಕೆ ಒಂದು ಜೀವ ಹೋಗುವುದರಲ್ಲಿತ್ತು.

ಇನ್ಸುಲಿನ್ ಏನು ಮಾಡುತ್ತದೆ?

ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದೆ ಎಂದುಕೊಳ್ಳಿ. ಗದ್ದೆಯ ತೂಬು ತೆಗೆಯದಿದ್ದರೆ ಪೈರಿಗೆ ನೀರು ಸಿಗುತ್ತದೆಯೇ? ಇಲ್ಲ. ಕಾಲುವೆ ಉಕ್ಕುತ್ತದೆ, ಪೈರು ಒಣಗುತ್ತದೆ.

ನಮ್ಮ ದೇಹದಲ್ಲೂ ಹೀಗೇ. ಉಂಡ ಅನ್ನ, ಮುದ್ದೆ, ರೊಟ್ಟಿ ಎಲ್ಲ ಸಕ್ಕರೆಯಾಗಿ ರಕ್ತದಲ್ಲಿ ಹರಿಯುತ್ತದೆ. ತೂಬು ತೆಗೆದು ಅದನ್ನು ಮೈಗೆ ಹಾಯಿಸುವುದು ಇನ್ಸುಲಿನ್. ಹೊಟ್ಟೆಯೊಳಗಿನ ಒಂದು ಗ್ರಂಥಿ ಅದನ್ನು ತಯಾರಿಸುತ್ತದೆ. ಇನ್ಸುಲಿನ್ ಸಾಲದಿದ್ದರೆ, ಅಥವಾ ಅದು ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬುತ್ತದೆ. ಮೈಗೆ ಮಾತ್ರ ಶಕ್ತಿ ಇಲ್ಲ. ಇದೇ ಸಕ್ಕರೆ ಕಾಯಿಲೆ.

ಜ್ವರ, ಗಾಯ, ಆಪರೇಷನ್, ಎದೆನೋವು ಬಂದಾಗ ದೇಹ ಗಾಬರಿಯಾಗುತ್ತದೆ. ಕೂಡಿಟ್ಟ ಸಕ್ಕರೆಯನ್ನೂ ರಕ್ತಕ್ಕೆ ಬಿಡುತ್ತದೆ. ತೂಬು ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಸಕ್ಕರೆ ಏರುತ್ತದೆ. ಸಕ್ಕರೆ ಏರಿದರೆ ಗಾಯ ಬೇಗ ಮಾಯುವುದಿಲ್ಲ. ಕೀವು ಹೆಚ್ಚುತ್ತದೆ. ಉಬ್ಬಸಕ್ಕೆ ಕೊಡುವ ಸ್ಟಿರಾಯ್ಡ್ ಔಷಧಿಯಿಂದಲೂ ಸಕ್ಕರೆ ಏರುತ್ತದೆ.

'ಇನ್ಸುಲಿನ್ ಶುರುವಾದರೆ ಮುಗೀತು, ಅದು ಕೊನೆಗಾಲದ ಔಷಧಿ' ಎಂದು ಹಲವರು ಹೆದರುತ್ತಾರೆ. ಇದು ತಪ್ಪು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ಊರಿನಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ 14 ವರ್ಷದ ಹುಡುಗನಿಗೆ ಮೊದಲು ಕೊಟ್ಟರು. ಹುಡುಗ ಚೇತರಿಸಿಕೊಂಡ. ಇನ್ಸುಲಿನ್ ಸಾವು ತರುವ ಔಷಧಿಯಲ್ಲ. ಸಾವನ್ನು ತಡೆಯುವ ಔಷಧಿ. ಆಸ್ಪತ್ರೆಯಲ್ಲಿ ಶುರು ಮಾಡಿದ ಇನ್ಸುಲಿನ್ ಎಷ್ಟೋ ಜನರಿಗೆ ಕಾಯಿಲೆ ವಾಸಿಯಾದ ಮೇಲೆ ನಿಂತುಹೋಗುತ್ತದೆ. ಮತ್ತೆ ಮಾತ್ರೆ ಸಾಕಾಗುತ್ತದೆ.

ಸಕ್ಕರೆ ಇಳಿದರೆ ಏನು ಮಾಡಬೇಕು?

ಸಕ್ಕರೆ ಏರುವುದು ನಿಧಾನವಾಗಿ ಕೆಡಿಸುತ್ತದೆ. ಸಕ್ಕರೆ ತೀರ ಇಳಿಯುವುದು ಗಂಟೆಯೊಳಗೆ ಕೆಡಿಸುತ್ತದೆ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕಡಿಮೆಯಾದರೆ ಇಳಿದಿದೆ ಎಂದು ಅರ್ಥ.

ಗುರುತುಗಳು ಇವು: ತಣ್ಣನೆ ಬೆವರು. ನಡುಕ. ಜೋರು ಹಸಿವು. ಎದೆ ಢವಢವ. ಕಣ್ಣು ಮಂಜು. ತಲೆ ತಿರುಗು. ಬಡಬಡಿಕೆ, ಸಿಟ್ಟು, ಮಂಪರು. ಕೊನೆಗೆ ಎಚ್ಚರ ತಪ್ಪುವುದು.

ಎಚ್ಚರ ಇದ್ದು, ನುಂಗಲು ಆಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಒಂದು ತೊಟ್ಟು ನೀರೂ ಬೇಡ. ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ. ಆಸ್ಪತ್ರೆಯಲ್ಲಿದ್ದರೆ ನರ್ಸಮ್ಮನನ್ನು ಕೂಗಿ. ಅವರು ನರಕ್ಕೆ ಗ್ಲೂಕೋಸು ಕೊಡುತ್ತಾರೆ. ಮನೆಯಲ್ಲಾದರೆ 108ಕ್ಕೆ ಫೋನು ಮಾಡಿ.

ಆ ಅಕ್ಕನ ನೋಟ್‌ಬುಕ್ಕು

ಆ ದಿನದಿಂದ ಸೊಸೆ ಒಂದು ಕೆಲಸ ಮಾಡಿದರು. ನಮ್ಮ ಕೇಂದ್ರದಲ್ಲಿ ಕೊಟ್ಟ ನೋಟ್‌ಬುಕ್ಕು ಅವರ ಚೀಲದಲ್ಲೇ ಇತ್ತು. ಅದರಲ್ಲಿ ನಾಲ್ಕು ಗೆರೆ ಎಳೆದರು. ಮೊದಲ ಸಾಲಿನಲ್ಲಿ ಗಂಟೆ. ಎರಡನೆಯದರಲ್ಲಿ ಸಕ್ಕರೆ ಎಷ್ಟು. ಮೂರನೆಯದರಲ್ಲಿ ಸೂಜಿ ಎಷ್ಟು. ನಾಲ್ಕನೆಯದರಲ್ಲಿ ಏನು ತಿಂದರು. ಅಕ್ಷರ ಸೊಟ್ಟಪಟ್ಟ ಇತ್ತು. ಒತ್ತಕ್ಷರ ತಪ್ಪಿತ್ತು. ಆದರೆ ಲೆಕ್ಕ ಸರಿಯಾಗಿತ್ತು.

ಮೂರು ದಿನ ಬರೆದ ಮೇಲೆ ಒಂದು ವಿಷಯ ಕಾಣಿಸಿತು. ಸಾಯಂಕಾಲದ ಹೊತ್ತಿಗೇ ಸಕ್ಕರೆ 300 ದಾಟುತ್ತಿತ್ತು. ಯಾಕೆ? ನೋಡಲು ಬರುವ ನೆಂಟರು ಸಾಯಂಕಾಲವೇ ಬರುತ್ತಿದ್ದರು. ಬರಿಗೈಲಿ ಬರುತ್ತಾರೆಯೇ? ಬ್ರೆಡ್ಡು, ಬನ್ನು, ಮೋಸಂಬಿ ರಸ, ಸಕ್ಕರೆ ಹಾಕಿದ ಹಾಲು ತರುತ್ತಿದ್ದರು. 'ಕಾಯಿಲೆಯವಳು, ಪಾಪ, ಬಾಯಿ ರುಚಿಗೆ ತಿನ್ನಲಿ' ಎಂಬ ಪ್ರೀತಿ ಅವರದು.

ಡಾಕ್ಟರು ಸುತ್ತು ಬಂದಾಗ ಸೊಸೆ ನೋಟ್‌ಬುಕ್ಕು ತೋರಿಸಿದರು. ಡಾಕ್ಟರು ನಿಂತು ಓದಿದರು. ಬನ್ನು ನಿಲ್ಲಿಸಿ ಎಂದರು. ಸೂಜಿಯ ಅಳತೆಯನ್ನೂ ಬದಲಾಯಿಸಿದರು. ಒಂಬತ್ತನೆಯ ದಿನ ಅತ್ತೆ ಮನೆಗೆ ಬಂದರು. ಹೆಬ್ಬೆರಳು ಉಳಿಯಿತು.

'ಮೇಡಂ, ಮಗ್ಗಿ ಕಲಿಯೋವಾಗ ಇದ್ಯಾಕೆ ಬೇಕು ನಮಗೆ ಅಂತಿದ್ದೆ. ಈಗ ಗೊತ್ತಾಯ್ತು' ಎಂದು ಆ ಅಕ್ಕ ನನಗೆ ಹೇಳಿದರು.

ಆಸ್ಪತ್ರೆಯವರು ಮಾಡಬೇಕಾದ್ದು

ಸಕ್ಕರೆ ಕಾಯಿಲೆಯವರು ಒಳರೋಗಿಯಾಗಿ ಸೇರಿದರೆ ಈ ಆರು ಕೆಲಸ ಆಗಬೇಕು.

1. ಸೇರಿದ ಕೂಡಲೇ ರಕ್ತದ ಸಕ್ಕರೆ ನೋಡಬೇಕು. ಆಮೇಲೆ ದಿನಕ್ಕೆ ಹಲವು ಸಲ ನೋಡಬೇಕು. ಊಟ ಮಾಡುವವರಿಗೆ ಊಟಕ್ಕೆ ಮುಂಚೆ ನೋಡಬೇಕು. ಆಸ್ಪತ್ರೆಯಲ್ಲಿರುವ ಹೆಚ್ಚಿನವರಿಗೆ ಸಕ್ಕರೆ 140ರಿಂದ 180ರ ಒಳಗೆ ಇದ್ದರೆ ಒಳ್ಳೆಯದು. ತೀರ ಇಳಿಸಲೂ ಬಾರದು.

2. ಸೂಜಿ ಮತ್ತು ಊಟ ಜೋಡೆತ್ತಿನ ಹಾಗೆ. ಒಂದು ಮುಂದೆ, ಒಂದು ಹಿಂದೆ ಆದರೆ ಗಾಡಿ ಬೀಳುತ್ತದೆ. ಸಾಮಾನ್ಯ ಇನ್ಸುಲಿನ್ ಆದರೆ ಸೂಜಿ ಕೊಟ್ಟ ಅರ್ಧ ಗಂಟೆಗೆ ಊಟ. ಕೆಲವು ಹೊಸ ಬಗೆಯ ಇನ್ಸುಲಿನ್ ಆದರೆ ಕೂಡಲೇ ಊಟ. ಯಾವುದು ಎಂದು ಹೇಳಬೇಕಾದವರು ಆಸ್ಪತ್ರೆಯವರು.

3. ಎರಡು ಪಾದಗಳನ್ನೂ ನೋಡಬೇಕು. ಹೊಟ್ಟೆನೋವಿಗೆ ಸೇರಿದ್ದರೂ ಪಾದ ನೋಡಬೇಕು. ಒಂದೇ ಕಡೆ ಮಲಗಿದರೆ ಹಿಮ್ಮಡಿ ಉಜ್ಜಿ ಹುಣ್ಣಾಗುತ್ತದೆ. ಸ್ಪರ್ಶ ಇಲ್ಲದವರಿಗೆ ಅದು ಗೊತ್ತಾಗುವುದಿಲ್ಲ.

4. ಆಪರೇಷನ್‌ಗೆ ಉಪವಾಸ ಇರಿಸಿದರೆ ಬೆಳಿಗ್ಗೆ ಮೊದಲಿಗೆ ಕರೆದುಕೊಳ್ಳುವುದು ಒಳ್ಳೆಯದು. ಯಾವ ಮಾತ್ರೆ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಮಾಡಬೇಕು ಎಂದು ಬರೆದು ಕೊಡಬೇಕು.

5. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚಬಾರದು. ಇನ್ಸುಲಿನ್ ಪೆನ್ನು ಕೂಡ ಒಬ್ಬರಿಗೆ ಒಂದು.

6. ಮನೆಗೆ ಕಳಿಸುವಾಗ ಔಷಧಿ ಯಾವುದು, ಎಷ್ಟು, ಯಾವಾಗ ಎಂದು ತಿಳಿಯುವ ಹಾಗೆ ಹೇಳಬೇಕು. ಮುಂದಿನ ತಪಾಸಣೆಯ ದಿನ ಬರೆದು ಕೊಡಬೇಕು.

ಇಂಥ ಕೆಲಸದಲ್ಲಿ ಲೆಕ್ಕ ಇಡುವುದು ಬಹಳ ಮುಖ್ಯ. ಇಂಗ್ಲೆಂಡ್ ದೇಶದಲ್ಲಿ ಆಸ್ಪತ್ರೆಗಳನ್ನು ಸುತ್ತಿ ಎಣಿಸಿದರು. ಸುಮಾರು ಆರು ಹಾಸಿಗೆಗೆ ಒಂದು ಹಾಸಿಗೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರು. ಎಷ್ಟು ಜನರಿಗೆ ಪಾದ ನೋಡಿದ್ದಾರೆ, ಎಷ್ಟು ಜನರಿಗೆ ಔಷಧಿ ತಪ್ಪಿದೆ, ಎಷ್ಟು ಜನರಿಗೆ ಸಕ್ಕರೆ ಇಳಿದಿದೆ ಎಂದು ಬರೆದಿಟ್ಟರು. ವರ್ಷ ವರ್ಷ ಲೆಕ್ಕ ನೋಡಿದ್ದರಿಂದ ಎಲ್ಲಿ ತಪ್ಪುತ್ತಿದೆ ಎಂದು ಕಣ್ಣಿಗೆ ಬಿತ್ತು. ನಮ್ಮ ಅಕ್ಕ ನೋಟ್‌ಬುಕ್ಕಿನಲ್ಲಿ ಮಾಡಿದ್ದೂ ಅದೇ ಕೆಲಸ.

ನಾವು ಮಾಡಬೇಕಾದ್ದು

ಆಸ್ಪತ್ರೆಯಲ್ಲಿ ನೂರಾರು ರೋಗಿಗಳು. ನರ್ಸಮ್ಮಂದಿರು ಕೆಲವೇ ಜನ. ಅವರಿಗೆ ನಾವೂ ನೆರವಾಗಬೇಕು.

ಯಾವ ಕಾಯಿಲೆಗೆ ಹೋದರೂ 'ಇವರಿಗೆ ಸಕ್ಕರೆ ಕಾಯಿಲೆ ಇದೆ' ಎಂದು ಮೊದಲು ಹೇಳಿ. ಹಳೆಯ ಚೀಟಿ, ಮಾತ್ರೆಯ ಹಾಳೆ, ಇನ್ಸುಲಿನ್ ಶೀಶೆ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯಿರಿ. ನಾಟಿ ಔಷಧಿ ಕುಡಿಸಿದ್ದರೆ ಮುಚ್ಚಿಡಬೇಡಿ.

ಬೆರಳು ಚುಚ್ಚುವ ಮುಂಚೆ ರೋಗಿಯ ಕೈ ತೊಳೆಸಿ, ಒರೆಸಿ. ಹಣ್ಣು ಸುಲಿದ ಕೈಯಾದರೆ ಲೆಕ್ಕ ತಪ್ಪು ಬರುತ್ತದೆ.

ಇನ್ಸುಲಿನ್ ಕೊಡಲು ಬಂದರೆ ಕೇಳಿ: 'ಅಮ್ಮಾ, ಎಷ್ಟು ಹೊತ್ತಿಗೆ ಊಟ ಕೊಡಲಿ?' ಊಟ ಬಂದಿಲ್ಲದಿದ್ದರೆ ಹೇಳಿ: 'ಊಟ ಇನ್ನೂ ಬಂದಿಲ್ಲ, ಆಮೇಲೆ ಕೊಡ್ತೀರಾ?' ವಾಂತಿಯಾಗಿದ್ದರೆ, ಊಟ ಅರ್ಧಕ್ಕೆ ಬಿಟ್ಟಿದ್ದರೆ ಅದನ್ನೂ ಹೇಳಿ. ಇದು ಎದುರು ಮಾತಲ್ಲ. ಇದು ತಿಳಿವಳಿಕೆಯ ಮಾತು.

ದಿನವೂ ಪಾದ ನೋಡಿ. ಬೆರಳ ಸಂದು, ಅಂಗಾಲು, ಹಿಮ್ಮಡಿ ನೋಡಿ. ಕೆಂಪಾಗಿದ್ದರೆ, ಬೊಬ್ಬೆ ಎದ್ದಿದ್ದರೆ ಕೂಡಲೇ ತೋರಿಸಿ. ಬಿಸಿನೀರ ಶಾಖ ಕೊಡಬೇಡಿ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಬಚ್ಚಲಿಗೂ ಕಳಿಸಬೇಡಿ.

ಚಿಕ್ಕ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಹೆಚ್ಚಾಗಿ ಅಂಥ ಮಕ್ಕಳ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಇಲ್ಲ. 'ವಾಂತಿ ಮಾಡ್ತಿದೆ, ಏನೂ ತಿಂದಿಲ್ಲ' ಎಂದು ಅವರ ಇನ್ಸುಲಿನ್ ಅನ್ನು ನಾವೇ ನಿಲ್ಲಿಸಬಾರದು. ನಿಲ್ಲಿಸಿದರೆ ರಕ್ತದಲ್ಲಿ ಹುಳಿ ಸೇರುತ್ತದೆ. ಹೊಟ್ಟೆನೋವು, ವಾಂತಿ, ಜೋರು ಉಸಿರು, ಉಸಿರಲ್ಲಿ ಹಣ್ಣಿನ ವಾಸನೆ ಬರುತ್ತದೆ. ಇದು ಪ್ರಾಣಕ್ಕೆ ಅಪಾಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬಸುರಿಯರಿಗೆ ಒಂದು ಮಾತು

ಬಸುರಿಯಲ್ಲಿಯೂ ಸಕ್ಕರೆ ಏರಬಹುದು. ಆದ್ದರಿಂದ ಮೊದಲ ತಪಾಸಣೆಯಲ್ಲೇ ಪರೀಕ್ಷೆ ಮಾಡಿಸಿ. ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಮಾಡಿಸಿ. 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕುಡಿಸಿ ಎರಡು ಗಂಟೆಯ ಮೇಲೆ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಬಸುರಿಯ ಸಕ್ಕರೆ ಕಾಯಿಲೆ. ಇಂಥವರ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹುಟ್ಟಿದ ಮಗುವಿನ ಸಕ್ಕರೆ ಇಳಿಯಬಹುದು. ಬೇಗ ಎದೆಹಾಲು ಕೊಡಿ. ಮಗುವಿನ ರಕ್ತವನ್ನೂ ನೋಡಲು ಹೇಳಿ. ಹೆರಿಗೆಯಾದ ಆರು ವಾರಕ್ಕೆ ತಾಯಿ ಮತ್ತೆ ಪರೀಕ್ಷೆ ಮಾಡಿಸಬೇಕು.

ಮನೆಗೆ ಬಂದ ಮೇಲೆ: 40 ಮತ್ತು 100

ಆ ಅಕ್ಕನ ಕಥೆ ಇನ್ನೂ ಸ್ವಲ್ಪ ಇದೆ. ಮನೆಗೆ ಬಂದ ಮೇಲೂ ಒಂದು ತಿಂಗಳು ಇನ್ಸುಲಿನ್ ಬೇಕಿತ್ತು. ಬೆಳಿಗ್ಗೆ 20 ಯೂನಿಟ್ ಎಂದು ಚೀಟಿಯಲ್ಲಿತ್ತು. ಅಂಗಡಿಯಿಂದ ಶೀಶೆ ತಂದರು, ಸಿರಿಂಜು ತಂದರು. ಅಕ್ಕ ಎರಡನ್ನೂ ಬೆಳಕಿಗೆ ಹಿಡಿದು ಓದಿದರು. ಶೀಶೆಯ ಮೇಲೆ 40 ಎಂದಿತ್ತು. ಸಿರಿಂಜಿನ ಮೇಲೆ 100 ಎಂದಿತ್ತು. 'ಇದು ಸರಿ ಹೊಂದಲ್ಲ' ಎಂದು ಅಂಗಡಿಗೆ ವಾಪಸು ಹೋಗಿ ಬದಲಾಯಿಸಿಕೊಂಡು ಬಂದರು.

ಅವರು ಮಾಡಿದ್ದು ಸರಿ. ನಮ್ಮ ದೇಶದಲ್ಲಿ ಎರಡು ಬಗೆಯ ಇನ್ಸುಲಿನ್ ಶೀಶೆ ಸಿಗುತ್ತದೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಇನ್ನೊಂದರಲ್ಲಿ 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಶೀಶೆಗೆ 40ರ ಸಿರಿಂಜೇ ಆಗಬೇಕು. 100ಕ್ಕೆ 100ರದೇ ಆಗಬೇಕು.

ಅದಲು ಬದಲಾದರೆ ಏನಾಗುತ್ತದೆ? 40ರ ಶೀಶೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯುವುದಿಲ್ಲ. 100ರ ಶೀಶೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ! ಪ್ರಾಣಕ್ಕೇ ಅಪಾಯ.

ತೆರೆಯದ ಇನ್ಸುಲಿನ್ ಶೀಶೆಯನ್ನು ಫ್ರಿಜ್ಜಿನಲ್ಲಿ ಇಡಬೇಕು. ಮಂಜುಗಡ್ಡೆಯಾಗುವ ಖಾನೆಯಲ್ಲಿ ಇಡಬಾರದು. ಫ್ರಿಜ್ಜು ಇಲ್ಲದವರು ಬಳಸುತ್ತಿರುವ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ಚಿಮುಕಿಸಿದ ಮಣ್ಣಿನ ಗಡಿಗೆಯಲ್ಲಿ, ನೆರಳಲ್ಲಿ ಇಡಿ. ಒಲೆಯ ಹತ್ತಿರ, ಬಿಸಿಲಿನಲ್ಲಿ ಇಟ್ಟರೆ ಔಷಧಿ ಕೆಡುತ್ತದೆ.

ಊರಿನವರು ಸೇರಿ ಕೇಳಬಹುದು

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದ ಒತ್ತಡ ನೋಡುತ್ತಾರೆ. ಆಶಾ ಅಕ್ಕನನ್ನು ಕೇಳಿ.

ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿ ಎಂದು ಇರುತ್ತದೆ. ಆಸ್ಪತ್ರೆಯ ಕೊರತೆಗಳನ್ನು ನೋಡುವುದು ಅದರ ಕೆಲಸ. ಸ್ತ್ರೀಶಕ್ತಿ ಸಂಘದವರು ಸೇರಿ ಆ ಸಮಿತಿಗೆ ಅರ್ಜಿ ಕೊಡಬಹುದು. 'ವಾರ್ಡಿನಲ್ಲಿ ಸಕ್ಕರೆ ನೋಡುವ ಯಂತ್ರ ಮತ್ತು ಪಟ್ಟಿ ಯಾವಾಗಲೂ ಇರಲಿ. ಸೂಜಿಯ ಹೊತ್ತಿಗೆ ಊಟ ಬರಲಿ. ಸೂಜಿ ಮತ್ತು ಊಟದ ಹೊತ್ತನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಲಿ.' ಇವು ದೊಡ್ಡ ಖರ್ಚಿನ ಕೆಲಸವಲ್ಲ. ಒಬ್ಬರು ಕೇಳಿದರೆ ಗೊಣಗಾಟ. ಹತ್ತು ಜನ ಸಹಿ ಹಾಕಿ ಕೇಳಿದರೆ ಅರ್ಜಿ. ಈಗ ನಮಗೆ ಸಹಿ ಹಾಕಲು ಬರುತ್ತದಲ್ಲ!

ನವೆಂಬರ್ 14 ನಮ್ಮ ಶಾಲೆಗಳಲ್ಲಿ ಮಕ್ಕಳ ದಿನ. ಅದು ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ಆ ದಿನ ಸಂಘದವರೆಲ್ಲ ಸೇರಿ ಊರಿನ ಹಿರಿಯರ ಪಾದ ನೋಡಿದರೆ ಎಷ್ಟು ಚೆನ್ನ! ಒಂದು ಮುಳ್ಳು ಸಿಕ್ಕಿದರೂ ಒಂದು ಕಾಲು ಉಳಿದ ಹಾಗೆ.

ನೆನಪಿಡಿ

ಸೂಜಿ ಮತ್ತು ಊಟ ಜೊತೆಗೇ ಇರಬೇಕು.
ಬೆವರು, ನಡುಕ, ಬಡಬಡಿಕೆ ಕಂಡರೆ ಸಕ್ಕರೆ ಇಳಿದಿರಬಹುದು.
ಎಚ್ಚರ ಇದ್ದರೆ ಸಕ್ಕರೆ ನೀರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಬೇಡ.
ದಿನವೂ ಪಾದ ನೋಡಿ.
ಶೀಶೆಯ ಅಂಕಿ, ಸಿರಿಂಜಿನ ಅಂಕಿ ಒಂದೇ ಇರಲಿ.
ತಿಳಿಯದಿದ್ದರೆ ಕೇಳಿ. ಕೇಳಿದ್ದನ್ನು ಬರೆದಿಡಿ.

ಓದಿ, ಮಾತಾಡಿ

1. ಅತ್ತೆಗೆ ಯಾಕೆ ಬೆವರು ಬಂತು? ಅದನ್ನು ಹೇಗೆ ತಪ್ಪಿಸಬಹುದಿತ್ತು?
2. ಸೊಸೆ ನೋಟ್‌ಬುಕ್ಕಿನಲ್ಲಿ ಬರೆದ ನಾಲ್ಕು ವಿಷಯ ಯಾವುವು? ನೀವೂ ಅಂಥ ನಾಲ್ಕು ಸಾಲು ಎಳೆದು ನೋಡಿ.
3. ನಿಮ್ಮ ಮನೆಯಲ್ಲಿ ಇನ್ಸುಲಿನ್ ಶೀಶೆ ಇದ್ದರೆ ಅದರ ಮೇಲಿನ ಅಂಕಿ ಓದಿ. ಎಷ್ಟಿದೆ?
4. ನಿಮ್ಮ ಊರಿನ ಆಸ್ಪತ್ರೆಗೆ ಏನೇನು ಬೇಕು? ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ.